ಎಕರೆ ಲೆಕ್ಕ ಬಿಟ್ಟು ಮೇಲ್ಮೈಯ ವಿದ್ಯೆ ಕಲಿಯೋಣ

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳಲ್ಲಿ 1,777 ಎಕರೆ ಜಮೀನನ್ನು ಏರೋಸ್ಪೇಸ್ ಪಾರ್ಕಿಗಾಗಿ ಸ್ವಾಧೀನಪಡಿಸಿಕೊಳ್ಳುವ ಯೋಜನೆಯನ್ನು ರಾಜ್ಯ ಸರ್ಕಾರ 2025ರ ಜುಲೈ 15ರಂದು ಕೈಬಿಟ್ಟಿತು. ಮೂರು ವರ್ಷಕ್ಕೂ ಮೀರಿ ಧರಣಿ ಕೂತಿದ್ದ ರೈತರು ಗೆದ್ದರು. ಅದರ ಬೆನ್ನಲ್ಲೇ ಇನ್ನೊಂದು ಕೂಗು ಎದ್ದಿತು: ಜಮೀನು ಕೊಡದಿದ್ದರೆ ಕಾರ್ಖಾನೆಗಳು ಬೇರೆ ರಾಜ್ಯಕ್ಕೆ ಹೋಗುತ್ತವೆ ಎಂದು. ಬೆಂಗಳೂರಿನ ಮಗ್ಗುಲಲ್ಲೇ ನಮ್ಮಲ್ಲಿ ಜಮೀನು ಸಿದ್ಧವಿದೆ, ಬನ್ನಿ ಎಂದು ಆಂಧ್ರಪ್ರದೇಶದ ಸಚಿವ ನಾರಾ ಲೋಕೇಶ್ ಉದ್ಯಮಿಗಳನ್ನು ಬಹಿರಂಗವಾಗಿ ಕರೆದದ್ದೂ ಆಗಲೇ. ಈ ವಾದದ ಪರ ನಿಂತವರೂ ವಿರೋಧ ನಿಂತವರೂ ಒಂದು ಮಾತನ್ನು ಪ್ರಶ್ನಿಸದೆ ಒಪ್ಪಿಕೊಂಡಂತಿದೆ. ಕೈಗಾರಿಕೆ ಎಂದರೆ ಮೊದಲು ಭೂಮಿ, ಆಮೇಲೆ ಉಳಿದದ್ದು ಎಂಬ ಮಾತು ಅದು. ಬೆಂಗಳೂರು ಗ್ರಾಮಾಂತರ ಜಿಲ್ಲೆ ಮುಂದಿನ ಇಪ್ಪತ್ತು ವರ್ಷ ಯಾವ ಬಗೆಯ ಕೈಗಾರಿಕೆಯನ್ನು ಕರೆದು ಕೂರಿಸಿಕೊಳ್ಳಬೇಕು ಎಂದು ಯೋಚಿಸುವವರು ಈ ಮಾತನ್ನೇ ಮೊದಲು ಪರೀಕ್ಷೆಗೆ ಒಡ್ಡಬೇಕು. ಅದಕ್ಕೆ ಬೇಕಾದ ಉದಾಹರಣೆ ಈ ಜಿಲ್ಲೆಯೊಳಗೇ ಇದೆ, ದೊಡ್ಡಬಳ್ಳಾಪುರದಲ್ಲಿ.

ಓಮಿಯಂ ಎಂಬ ಕಂಪನಿಯ ಎಲೆಕ್ಟ್ರೋಲೈಸರ್ ಕಾರ್ಖಾನೆಯನ್ನು ಕೇಂದ್ರ ಸಚಿವ ಪ್ರಲ್ಹಾದ ಜೋಶಿ 2024ರ ಜುಲೈನಲ್ಲಿ ದೊಡ್ಡಬಳ್ಳಾಪುರದಲ್ಲಿ ಉದ್ಘಾಟಿಸಿದರು. ವಿದ್ಯುತ್ ಹರಿಸಿ ನೀರನ್ನು ಒಡೆದು ಹೈಡ್ರೋಜನ್ ತೆಗೆಯುವ ಯಂತ್ರಗಳು ಅಲ್ಲಿ ಗಿಗಾವಾಟ್ ಪ್ರಮಾಣದಲ್ಲಿ ತಯಾರಾಗುತ್ತವೆ. ಮಗ್ಗಗಳ ಊರು ಹಸಿರು ಹೈಡ್ರೋಜನ್ನಿನ ಭೂಪಟದಲ್ಲಿ ಕಾಣಿಸಿಕೊಂಡದ್ದು ಹೆಮ್ಮೆಯ ವಿಷಯವೇ. ಅಲ್ಲಿ ಬಳಕೆಯಾಗುವ ತಂತ್ರಜ್ಞಾನಕ್ಕೆ ಪಿಇಎಂ ಎಂದು ಹೆಸರು. ಪ್ರೋಟಾನ್‌ಗಳನ್ನು ಮಾತ್ರ ದಾಟಿಸುವ ಪ್ಲಾಸ್ಟಿಕ್ ಜಾತಿಯ ಒಂದು ತೆಳು ಪೊರೆ ಅದರ ಜೀವಾಳ. ಪೊರೆಯ ಒಂದು ಬದಿಯಲ್ಲಿ, ಆಕ್ಸಿಜನ್ ಹೊರಬರುವ ಕಡೆ, ಈ ಬಗೆಯ ಯಂತ್ರಗಳಿಗೆ ಸಾಮಾನ್ಯವಾಗಿ ಇರಿಡಿಯಂ ಬೇಕು. ಆ ಲೋಹ ಇಡೀ ಜಗತ್ತಿನಲ್ಲಿ ವರ್ಷಕ್ಕೆ ಹತ್ತು ಟನ್ನಿಗೂ ಕಡಿಮೆ ಸಿಗುತ್ತದೆ, ಅದರಲ್ಲೂ ಬಹುಪಾಲು ದಕ್ಷಿಣ ಆಫ್ರಿಕಾದ ಗಣಿಗಳಿಂದ. ಗಿಗಾವಾಟ್‌ಗಳನ್ನು ಎಷ್ಟೇ ಏರಿಸಿಕೊಂಡು ಹೋದರೂ ಕೊನೆಗೆ ತಡೆಯುವುದು ಎಕರೆಯಲ್ಲ, ಗ್ರಾಂ ಲೆಕ್ಕದ ಇರಿಡಿಯಂ. ಜಮೀನು ಎಷ್ಟಿದ್ದರೂ ಆ ಕೊರತೆ ನೀಗುವುದಿಲ್ಲ.

ಇದೇ ಕೆಲಸವನ್ನು ಬೇರೆ ವಸ್ತುವಿನಿಂದ ಮಾಡುವ ದಾರಿ ಇದೆ. ಜಪಾನಿನ ವಿಜ್ಞಾನಿ ಹಿರೋಯಾಸು ಇವಾಹಾರಾ ಮತ್ತು ಸಂಗಡಿಗರು 1981ರಲ್ಲಿ ಒಂದು ಸಂಗತಿ ತೋರಿಸಿದರು: ಕೆಲವು ಸೆರಾಮಿಕ್‌ಗಳು, ಅಂದರೆ ಭಟ್ಟಿಯಲ್ಲಿ ಸುಟ್ಟು ಮಾಡುವ ಪಿಂಗಾಣಿ ಜಾತಿಯ ವಸ್ತುಗಳು, ಕಾಯಿಸಿದಾಗ ತಮ್ಮೊಳಗಿಂದ ಪ್ರೋಟಾನ್‌ಗಳನ್ನು ಹರಿಯಬಿಡುತ್ತವೆ. ಇಂಥ ಸೆರಾಮಿಕ್ ಹಾಳೆಯನ್ನು ನಡುವೆ ಇಟ್ಟು ಇಂಧನ ಕೋಶ ಮಾಡಿದರೆ ಅದು 400ರಿಂದ 600 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲಸ ಮಾಡುತ್ತದೆ. ಒಂದು ಬದಿಗೆ ಹೈಡ್ರೋಜನ್, ಇನ್ನೊಂದು ಬದಿಗೆ ಗಾಳಿ ಕೊಟ್ಟರೆ ವಿದ್ಯುತ್ತು ಬರುತ್ತದೆ; ವಿದ್ಯುತ್ತು ಕೊಟ್ಟು ನೀರಾವಿ ಹಾಯಿಸಿದರೆ ಒಣ ಹೈಡ್ರೋಜನ್ ಬರುತ್ತದೆ. ಇರಿಡಿಯಂ, ಪ್ಲಾಟಿನಂ ಎರಡೂ ಬೇಡ. ಬೇಕಾದದ್ದು ಮುಖ್ಯವಾಗಿ ಬೇರಿಯಂ, ಜಿರ್ಕೋನಿಯಂ, ಸೀರಿಯಂ, ಇಟ್ರಿಯಂ, ನಿಕ್ಕಲ್. ಬೇರಿಯಂನ ಅದಿರು ಬೆರೈಟ್ ನಮ್ಮ ನೆರೆಯ ಕಡಪ ಸೀಮೆಯ ಮಂಗಂಪೇಟೆಯಲ್ಲಿ ಜಗತ್ತಿನ ದೊಡ್ಡ ನಿಕ್ಷೇಪಗಳಲ್ಲೊಂದಾಗಿ ಬಿದ್ದಿದೆ. ಜಿರ್ಕೋನಿಯಂ, ಸೀರಿಯಂ ಎರಡೂ ಕೇರಳ, ತಮಿಳುನಾಡಿನ ಕಡಲ ಮರಳಿನಲ್ಲಿವೆ. ನಿಕ್ಕಲ್ಲನ್ನು ಹೊರಗಿಂದ ತರಿಸಬೇಕು, ನಿಜ; ಆದರೆ ಅದು ಇರಿಡಿಯಂನಷ್ಟು ಅಪರೂಪವಲ್ಲ. ಕಚ್ಚಾ ವಸ್ತು ಹತ್ತಿರ, ವಿದ್ಯೆ ದೂರ. ಇದು ನಮ್ಮ ಈಗಿನ ಸ್ಥಿತಿ.

ಆ ವಿದ್ಯೆ ಎಲ್ಲಿ ಅಡಗಿದೆ ಎಂಬುದು ಈ ಲೇಖನದ ಮುಖ್ಯ ವಿಷಯ. ಹೆಚ್ಚು ಅಧ್ಯಯನವಾಗಿರುವ ಬೇರಿಯಂ ಜಿರ್ಕೋನೇಟ್ ಎಂಬ ಹರಳನ್ನೇ ನೋಡೋಣ. ಅದರ ಜಿರ್ಕೋನಿಯಂ ಪರಮಾಣುಗಳಲ್ಲಿ ಒಂದಷ್ಟು ಪಾಲನ್ನು ತೆಗೆದು ಇಟ್ರಿಯಂ ಕೂರಿಸುತ್ತಾರೆ. ಹರಳಿನಲ್ಲಿ ಜಿರ್ಕೋನಿಯಂ ನಾಲ್ಕು ಧನ ವಿದ್ಯುದಂಶ ಹೊತ್ತಿರುತ್ತದೆ, ಇಟ್ರಿಯಂ ಮೂರೇ. ಈ ಕೊರತೆಯನ್ನು ಸರಿದೂಗಿಸಲು ಹರಳಿನ ಕೆಲವು ಆಕ್ಸಿಜನ್ ಸ್ಥಾನಗಳು ಖಾಲಿ ಉಳಿಯುತ್ತವೆ. ನೀರಾವಿ ಬಂದು ಮೇಲ್ಮೈಗೆ ತಾಗಿದಾಗ ನೀರಿನ ಅಣು ಅಲ್ಲೇ ಒಡೆಯುತ್ತದೆ. ಆಕ್ಸಿಜನ್ನೂ ಒಂದು ಹೈಡ್ರೋಜನ್ನೂ ಜೊತೆಯಾಗಿ ಖಾಲಿ ಸ್ಥಾನಕ್ಕೆ ಇಳಿಯುತ್ತವೆ. ಉಳಿದ ಪ್ರೋಟಾನ್ ಪಕ್ಕದ ಆಕ್ಸಿಜನ್ನಿಗೆ ಅಂಟಿಕೊಳ್ಳುತ್ತದೆ. ಅಲ್ಲಿಂದ ಪ್ರೋಟಾನ್‌ಗಳು ಒಂದು ಆಕ್ಸಿಜನ್ನಿಂದ ಇನ್ನೊಂದಕ್ಕೆ ಜಿಗಿಯುತ್ತ ಒಳಗೆ ಸಾಗುತ್ತವೆ. ಹರಳಿನೊಳಗೆ ಆಕ್ಸಿಜನ್ ಸಾಗಬೇಕಾದರೆ 700, 800 ಡಿಗ್ರಿ ಕಾವು ಬೇಕು. ಪ್ರೋಟಾನ್ ಅದಕ್ಕಿಂತ ಎಷ್ಟೋ ಕಡಿಮೆ ಕಾವಿನಲ್ಲಿ ಸಾಗುತ್ತದೆ. ಇಲ್ಲಿ ಗಮನಿಸಬೇಕಾದ ಅಂಶ ಒಂದಿದೆ. ಹರಳಿನ ಒಳಭಾಗ ಎಷ್ಟೇ ಚೆನ್ನಾಗಿರಲಿ, ಪ್ರೋಟಾನ್ ಒಳಗೆ ಬರುವುದೂ ಹೊರಗೆ ಹೋಗುವುದೂ ಮೇಲ್ಮೈಯ ಮೂಲಕವೇ. ಆ ಹೊಸಿಲು ಕೆಟ್ಟರೆ ಉಳಿದದ್ದೆಲ್ಲ ವ್ಯರ್ಥ.

ಹೊಸಿಲು ಕೆಡಲು ಕಾರಣಗಳು ಬೇಕಾದಷ್ಟಿವೆ. ಬೇರಿಯಂ ಸುಮ್ಮನೆ ಕೂರುವ ಧಾತುವಲ್ಲ. ಗಾಳಿಯ ತೇವದೊಂದಿಗೆ ಸೇರಿ ಹೈಡ್ರಾಕ್ಸೈಡ್ ಆಗುತ್ತದೆ, ಇಂಗಾಲದ ಡೈಆಕ್ಸೈಡಿನೊಂದಿಗೆ ಸೇರಿ ಕಾರ್ಬೊನೇಟ್ ಆಗುತ್ತದೆ. ಹರಳಿನಲ್ಲಿ ಸೀರಿಯಂ ಹೆಚ್ಚು ಹಾಕಿದರೆ ಪ್ರೋಟಾನ್ ಸರಾಗವಾಗಿ ಹರಿಯುತ್ತದೆ, ಆದರೆ ಇಂಗಾಲದ ಡೈಆಕ್ಸೈಡ್ ತಗುಲಿದ ಕಡೆ ಹರಳು ಬೇರಿಯಂ ಕಾರ್ಬೊನೇಟ್ ಮತ್ತು ಸೀರಿಯಂ ಆಕ್ಸೈಡ್ ಆಗಿ ಬೇರ್ಪಡುತ್ತದೆ. ಜಿರ್ಕೋನಿಯಂ ಹೆಚ್ಚು ಹಾಕಿದರೆ ಈ ಕಾಟಕ್ಕೆ ಜಗ್ಗುವುದಿಲ್ಲ, ಆದರೆ ಅದನ್ನು ಸಾಂದ್ರವಾಗಿ ಸುಡಲು 1,600 ಡಿಗ್ರಿಯವರೆಗಿನ ಕಾವು ಬೇಕಾಗುತ್ತದೆ. ಅಷ್ಟು ಕಾವಿಗೆ ಬೇರಿಯಂ ಆವಿಯಾಗಿ ಹಾರತೊಡಗುತ್ತದೆ. ಅದಲ್ಲದೆ ಕಣಕ್ಕೂ ಕಣಕ್ಕೂ ನಡುವಿನ ಗಡಿಯಲ್ಲಿ ವಿದ್ಯುದಂಶ ಶೇಖರವಾಗಿ ಪ್ರೋಟಾನ್‌ಗಳನ್ನು ಹಿಮ್ಮೆಟ್ಟಿಸುತ್ತದೆ. ಇದು ನಮ್ಮ ಜಿಲ್ಲೆಗೆ ಸಂಬಂಧವಿಲ್ಲದ ಸೂಕ್ಷ್ಮ ಎನ್ನುವಂತಿಲ್ಲ. ಹಾಲು ಕರೆಯುವ ಮನೆಗಳ ಗೋಬರ್ ಗ್ಯಾಸು, ಬೆಂಗಳೂರಿನ ಒಳಚರಂಡಿ ಶುದ್ಧೀಕರಣ ಘಟಕಗಳ ಅನಿಲ, ಇವೇ ನಾಳೆ ಇಲ್ಲಿ ಸುಲಭವಾಗಿ ಸಿಗಬಹುದಾದ ಇಂಧನ. ಅವುಗಳಲ್ಲಿ ಮೀಥೇನ್ ಜೊತೆಗೆ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಇರುವುದು ಸಾಮಾನ್ಯ, ಗಂಧಕದ ಅಂಶವೂ ಇರುತ್ತದೆ. ಶುದ್ಧ ಹೈಡ್ರೋಜನ್ನಿನಲ್ಲಿ ಚೆನ್ನಾಗಿ ಓಡುವ ಕೋಶ ನಮ್ಮ ಸಗಣಿ ಅನಿಲದಲ್ಲಿ ಓಡುತ್ತದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದರಲ್ಲಿ ಆ ಮೇಲ್ಮೈಯ ಪಾತ್ರ ದೊಡ್ಡದು.

ಈ ತೊಡಕುಗಳನ್ನು ಜಗತ್ತು ಹೇಗೆ ಬಿಡಿಸುತ್ತ ಬಂದಿದೆ ಎಂಬ ಇತಿಹಾಸವೂ ಪಾಠ ಹೇಳುತ್ತದೆ. 2009ರಲ್ಲಿ ಅಮೆರಿಕದ ಜಾರ್ಜಿಯಾ ಟೆಕ್‌ನ ತಂಡ ಇಟ್ರಿಯಂ ಜೊತೆ ಇಟರ್ಬಿಯಂ ಬೆರೆಸಿ, ಗಂಧಕಕ್ಕೂ ಮಸಿಗೂ ಸುಲಭವಾಗಿ ಸೋಲದ ಮಿಶ್ರಣ ಮಾಡಿತು. 2015ರಲ್ಲಿ ಕೊಲರಾಡೋ ಸ್ಕೂಲ್ ಆಫ್ ಮೈನ್ಸ್‌ನವರು 500 ಡಿಗ್ರಿಯಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ 455 ಮಿಲಿವಾಟ್ ತೆಗೆದರು. 2018ರಲ್ಲಿ ಅದೇ ಸಂಸ್ಥೆಯಿಂದ ಹನ್ನೊಂದು ಬಗೆಯ ಇಂಧನಗಳ ಮೇಲೆ ಸಾವಿರಾರು ಗಂಟೆ ಓಡಿಸಿದ ವರದಿ ಬಂತು. ಇಷ್ಟಾದರೂ ಒಂದು ಒಗಟು ಉಳಿದಿತ್ತು. ಸೆರಾಮಿಕ್ಕಿನ ಒಳಭಾಗದ ವಾಹಕತೆಯನ್ನು ಅಳೆದು ಲೆಕ್ಕ ಹಾಕಿದರೆ ಬರಬೇಕಾದಷ್ಟು ವಿದ್ಯುತ್ತು ನಿಜವಾದ ಕೋಶದಲ್ಲಿ ಬರುತ್ತಿರಲಿಲ್ಲ. ಎಲ್ಲೋ ಸೋರಿಕೆ, ಎಲ್ಲೋ ತಡೆ. ಹೊಸ ಹೊಸ ಮಿಶ್ರಣ ಹುಡುಕುವುದರಲ್ಲಿ ಹೆಚ್ಚಿನವರು ಮುಳುಗಿದ್ದಾಗ, ಐಡಾಹೋ ರಾಷ್ಟ್ರೀಯ ಪ್ರಯೋಗಾಲಯದ ನೇತೃತ್ವದ ತಂಡ ಇರುವ ಮಿಶ್ರಣದ ಮೇಲ್ಮೈಯನ್ನೇ ತಿರುಗಿ ನೋಡಿತು. 2022ರಲ್ಲಿ ನೇಚರ್ ಪತ್ರಿಕೆಯಲ್ಲಿ ಅವರ ಉತ್ತರ ಪ್ರಕಟವಾಯಿತು.

ಕೋಶ ತಯಾರಿಸುವ ಕ್ರಮ ತಿಳಿದರೆ ಆ ಉತ್ತರ ಅರ್ಥವಾಗುತ್ತದೆ. ಮೊದಲು ನಿಕ್ಕಲ್ ಆಕ್ಸೈಡ್ ಬೆರೆತ ದಪ್ಪ ಪದರ, ಅದರ ಮೇಲೆ ತಲೆಗೂದಲಿಗಿಂತ ತೆಳುವಾದ ಎಲೆಕ್ಟ್ರೋಲೈಟ್ ಪದರ, ಅಂದರೆ ಪ್ರೋಟಾನ್ ಹರಿಸುವ ಸೆರಾಮಿಕ್. ಎರಡನ್ನೂ ಒಟ್ಟಿಗೆ 1,400 ಡಿಗ್ರಿ ಆಸುಪಾಸಿನಲ್ಲಿ ಅಥವಾ ಅದಕ್ಕೂ ಹೆಚ್ಚಿನ ಕಾವಿನಲ್ಲಿ ಸುಡುತ್ತಾರೆ. ಎಲೆಕ್ಟ್ರೋಲೈಟ್ ರಂಧ್ರವಿಲ್ಲದಂತೆ ಗಟ್ಟಿಯಾಗಬೇಕಾದರೆ ಅಷ್ಟು ಕಾವು ಬೇಕೇ ಬೇಕು. ಆಮೇಲೆ ಗಾಳಿಯ ಬದಿಯ ಎಲೆಕ್ಟ್ರೋಡನ್ನು ಬಳಿದು, ಅದರ ರಂಧ್ರಗಳು ಮುಚ್ಚಿಹೋಗದಂತೆ, ಎಷ್ಟೋ ಕಡಿಮೆ ಕಾವಿನಲ್ಲಿ ಇನ್ನೊಮ್ಮೆ ಸುಡುತ್ತಾರೆ. ಮೊದಲ ಸುಡುವಿಕೆಯಲ್ಲಿ ಎಲೆಕ್ಟ್ರೋಲೈಟಿನ ಮೇಲ್ಮೈ ನುಣುಪಾಗಿ, ಜಡವಾಗಿ ಬಿಟ್ಟಿರುತ್ತದೆ. ಎರಡನೆಯ ಪದರ ಅದಕ್ಕೆ ಒಲ್ಲದ ಮನಸ್ಸಿನಿಂದ ಅಂಟಿರುತ್ತದೆ. ಹಳೆಯ ನುಣುಪು ಗೋಡೆಗೆ ಗಾರೆ ಹಿಡಿಯುವುದಿಲ್ಲವೆಂದು ಗಾರೆ ಕೆಲಸದವರು ಮೊದಲು ಉಳಿ ಹಿಡಿದು ಗೋಡೆಯನ್ನು ಕಚ್ಚು ಹೊಡೆಯುತ್ತಾರಲ್ಲ, ಐಡಾಹೋ ತಂಡ ಮಾಡಿದ್ದೂ ಅದನ್ನೇ, ಆದರೆ ನೈಟ್ರಿಕ್ ಆಮ್ಲದಿಂದ. ಸುಟ್ಟ ಎಲೆಕ್ಟ್ರೋಲೈಟನ್ನು ಕೆಲವು ನಿಮಿಷ ಆಮ್ಲದಲ್ಲಿ ತೊಳೆದು ಜಡವಾದ ಮೇಲುಪದರ ತೆಗೆದರು. ಕೆಳಗಿನ ತಾಜಾ ಮೇಲ್ಮೈಗೆ ಎಲೆಕ್ಟ್ರೋಡ್ ಗಟ್ಟಿಯಾಗಿ ಬೆಸೆದುಕೊಂಡಿತು. ಫಲಿತಾಂಶ: 600 ಡಿಗ್ರಿಯಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ 1.6 ವಾಟ್, 450 ಡಿಗ್ರಿಯಲ್ಲಿ 650 ಮಿಲಿವಾಟ್, 350 ಡಿಗ್ರಿಯಲ್ಲೂ 300 ಮಿಲಿವಾಟ್.

ಈ ಪ್ರಸಂಗದಿಂದ ನೀತಿ ರೂಪಿಸುವವರು ಕಲಿಯಬೇಕಾದದ್ದು ಬಹಳ ಇದೆ. ಅಲ್ಲಿ ಹೊಸ ಧಾತು ಬಳಕೆಯಾಗಲಿಲ್ಲ, ಹೊಸ ಕಾರ್ಖಾನೆ ಏಳಲಿಲ್ಲ. ಗಳಿಕೆ ಬಂದದ್ದು ಒಂದು ಮೇಲ್ಮೈಯನ್ನು ಸರಿಯಾಗಿ ಅರ್ಥ ಮಾಡಿಕೊಂಡದ್ದರಿಂದ, ಒಂದು ಹಂತ ಸೇರಿಸಿದ್ದರಿಂದ. ಇಂಥ ತಿಳಿವಳಿಕೆ ಬರಬೇಕಾದರೆ ಒಂದೇ ಸೂರಿನಡಿ ಭಟ್ಟಿ ಬೇಕು, ಮೇಲ್ಮೈಯ ನ್ಯಾನೊಮೀಟರುಗಳನ್ನು ನೋಡುವ ಉಪಕರಣ ಬೇಕು, ತಿಂಗಳುಗಟ್ಟಲೆ ಕೋಶ ಓಡಿಸಿ ನೋಡುವ ತಾಳ್ಮೆ ಬೇಕು, ಮುಖ್ಯವಾಗಿ ಭಟ್ಟಿಯ ಮುಂದೆ ನಿಂತವನೂ ಸೂಕ್ಷ್ಮದರ್ಶಕದ ಮುಂದೆ ಕೂತವನೂ ದಿನಾ ಮಾತಾಡಬೇಕು. ಇದಕ್ಕೆ ನೂರಾರು ಎಕರೆ ಬೇಡ. ಈಗಾಗಲೇ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ (ಕೆಐಎಡಿಬಿ) ಕೈಯಲ್ಲಿರುವ ದೊಡ್ಡಬಳ್ಳಾಪುರ ಇಲ್ಲವೇ ದೇವನಹಳ್ಳಿಯ ಬಡಾವಣೆಗಳಲ್ಲಿ ಒಂದೆರಡು ನಿವೇಶನ ಸಾಕು. ಭೂಮಿ ಕೇಳದ, ಕೌಶಲ ಕೇಳುವ ಕೈಗಾರಿಕೆ ಎಂಬುದು ಬಾಯಿಮಾತಲ್ಲ, ಇಲ್ಲಿ ಮಾಡಿ ತೋರಿಸಬಹುದಾದದ್ದು ಎಂದು ನಾನು ಹೇಳುವುದು ಈ ಆಧಾರದ ಮೇಲೆ.

ಈಗ ದುಡ್ಡು ಎಲ್ಲಿಗೆ ಹೋಗುತ್ತಿದೆ ನೋಡಿ. ಕೇಂದ್ರ ಸಂಪುಟ 2023ರ ಜನವರಿಯಲ್ಲಿ ಒಪ್ಪಿದ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್ನಿನ ಒಟ್ಟು ಮೊತ್ತ 19,744 ಕೋಟಿ ರೂಪಾಯಿ. ಅದರಲ್ಲಿ 17,490 ಕೋಟಿ ಎಲೆಕ್ಟ್ರೋಲೈಸರ್ ತಯಾರಿಕೆಗೂ ಹೈಡ್ರೋಜನ್ ಉತ್ಪಾದನೆಗೂ ಕೊಡುವ ಪ್ರೋತ್ಸಾಹಧನ. 1,466 ಕೋಟಿ ಪ್ರಾಯೋಗಿಕ ಯೋಜನೆಗಳಿಗೆ. ಸಂಶೋಧನೆ ಮತ್ತು ಅಭಿವೃದ್ಧಿಗೆ 400 ಕೋಟಿ. ಅಂದರೆ ನೂರು ರೂಪಾಯಿಯಲ್ಲಿ ಸಂಶೋಧನೆಯ ಪಾಲು ಸುಮಾರು ಎರಡು ರೂಪಾಯಿ. ಪ್ರೋತ್ಸಾಹಧನ ತಪ್ಪು ಎಂದು ನಾನು ವಾದಿಸುತ್ತಿಲ್ಲ. ಹೊಸ ಉದ್ಯಮಕ್ಕೆ ಮೊದಲ ಕೆಲವು ವರ್ಷ ಊರುಗೋಲು ಬೇಕು. ಆದರೆ ಗಿಗಾವಾಟ್ ಎಣಿಸಿ ಕೊಡುವ ಹಣ, ಇಂದು ಮಾರುಕಟ್ಟೆಯಲ್ಲಿ ಸಿಗುವ ತಂತ್ರಜ್ಞಾನವನ್ನೇ ಇನ್ನಷ್ಟು ಜೋಡಿಸಲು ಪ್ರೇರೇಪಿಸುತ್ತದೆ. ಹತ್ತು ವರ್ಷದ ಮೇಲೆ ಇರಿಡಿಯಂ ಬೇಡದ ಯಂತ್ರ ಬೇರೆಲ್ಲೋ ಸಿದ್ಧವಾದ ದಿನ, ಇಲ್ಲಿ ಜೋಡಣೆ ಕಲಿತ ಕೈಗಳು ಮತ್ತೆ ಮೊದಲ ಪಾಠದಿಂದ ಶುರು ಮಾಡಬೇಕಾಗುತ್ತದೆ.

ಮೊದಲ ಪಾಠ ಈ ನೆಲಕ್ಕೆ ಹೊಸದೂ ಅಲ್ಲ. ಮೈಸೂರು ಸಂಸ್ಥಾನದ ಕಾಲದಲ್ಲೇ ಬೆಂಗಳೂರಿನಲ್ಲಿ ಸರ್ಕಾರಿ ಪಿಂಗಾಣಿ ಕಾರ್ಖಾನೆ ಇತ್ತು. ವಿದ್ಯುತ್ ಕಂಬಗಳ ಮೇಲೆ ಕೂರುವ ಇನ್ಸುಲೇಟರುಗಳನ್ನು ಅಲ್ಲಿ ಸುಡುತ್ತಿದ್ದರು. ಮುಂದೆ ಅದು ಬಿಎಚ್‌ಇಎಲ್‌ನ ಎಲೆಕ್ಟ್ರೋಪೋರ್ಸಿಲೇನ್ ವಿಭಾಗವಾಯಿತು. ವಿದ್ಯುತ್ತನ್ನು ತಡೆಯುವ ಪಿಂಗಾಣಿ ಮಾಡಿದ ಊರು ಪ್ರೋಟಾನ್ ಹರಿಸುವ ಪಿಂಗಾಣಿಯನ್ನೂ ಮಾಡಬಲ್ಲದು. ಪುಡಿ ಅರೆಯುವುದು, ಬಿರುಕಿಲ್ಲದೆ ಒಣಗಿಸುವುದು, ಭಟ್ಟಿಯ ಕಾವನ್ನು ಹದದಲ್ಲಿ ಏರಿಸಿ ಇಳಿಸುವುದು ಎರಡಕ್ಕೂ ಒಂದೇ. ಆ ಕಾರ್ಖಾನೆಯ ಬಗಲಲ್ಲೇ ಇರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್.ಆರ್. ರಾವ್ 1976ರಲ್ಲಿ ಘನಸ್ಥಿತಿ ಮತ್ತು ರಚನಾ ರಸಾಯನಶಾಸ್ತ್ರ ವಿಭಾಗ ಕಟ್ಟಿದರು. ಬೇರಿಯಂ ಜಿರ್ಕೋನೇಟ್ ಸೇರಿರುವ ಪೆರೋವ್‌ಸ್ಕೈಟ್ ಎಂಬ ಹರಳು ಕುಟುಂಬ ಅವರ ದೀರ್ಘ ಸಂಶೋಧನೆಯ ವಸ್ತುಗಳಲ್ಲೊಂದು. 1989ರಲ್ಲಿ ಶುರುವಾದ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಜಕ್ಕೂರಿನಲ್ಲಿದೆ, ಅಂದರೆ ದೊಡ್ಡಬಳ್ಳಾಪುರಕ್ಕೆ ಹೋಗುವ ದಿಕ್ಕಿನಲ್ಲೇ. ವಿಜ್ಞಾನ ಒಂದು ತುದಿಯಲ್ಲಿ, ಕಾರ್ಖಾನೆ ಇನ್ನೊಂದು ತುದಿಯಲ್ಲಿ. ನಡುವಿನ ಕೊಂಡಿ ಮಾತ್ರ ಇಲ್ಲ.

ಆ ಕೊಂಡಿಯನ್ನು ಕಟ್ಟುವ ಕೆಲಸ ಸರ್ಕಾರದ್ದು. ನನ್ನ ಸಲಹೆ ಮೂರು ಭಾಗದ್ದು. ಒಂದು, ದೊಡ್ಡಬಳ್ಳಾಪುರದಲ್ಲಿ ಸಾರ್ವಜನಿಕ ಒಡೆತನದ ಸೆರಾಮಿಕ್ ಕೋಶ ಕೇಂದ್ರ: ಎತ್ತರದ ಕಾವಿನ ಭಟ್ಟಿಗಳು, ತೆಳು ಪದರ ಬಳಿಯುವ ಸಾಲು, ಮೇಲ್ಮೈ ಸಂಸ್ಕರಣೆಯ ಕೊಠಡಿ, ಮತ್ತು ಸಾವಿರಾರು ಗಂಟೆ ಎಡೆಬಿಡದೆ ಕೋಶಗಳನ್ನು ಓಡಿಸುವ ಪರೀಕ್ಷಾ ಪೀಠಗಳು. ಸಣ್ಣ ಉದ್ಯಮಿಗೂ ಕಾಲೇಜಿಗೂ ಬಾಡಿಗೆಗೆ ಸಿಗುವಂತಿರಬೇಕು. ಸಾರ್ವಜನಿಕ ಹಣದಿಂದ ಬಂದ ಪರೀಕ್ಷೆಯ ಫಲಿತಾಂಶಗಳು, ಸೋಲುಗಳೂ ಸೇರಿ, ಎಲ್ಲರಿಗೂ ತೆರೆದಿರಬೇಕು. ಎರಡು, ಜಿಲ್ಲೆಯ ಐಟಿಐ ಮತ್ತು ಡಿಪ್ಲೊಮಾ ಕಾಲೇಜುಗಳಲ್ಲಿ ಸೆರಾಮಿಕ್ ತಂತ್ರಜ್ಞನ ತರಬೇತಿ, ಕನ್ನಡದಲ್ಲಿ, ಇದೇ ಕೇಂದ್ರದ ಭಟ್ಟಿಯ ಮುಂದೆ. ಮೂರು, ಹೈಡ್ರೋಜನ್ ಉದ್ಯಮಗಳಿಗೆ ರಾಜ್ಯ ಕೊಡುವ ರಿಯಾಯಿತಿಯ ಒಂದು ಪಾಲನ್ನು ಗಿಗಾವಾಟ್‌ಗೆ ಬದಲು ಬಾಳಿಕೆಗೆ ಕಟ್ಟಬೇಕು: ಯಂತ್ರ ಎಷ್ಟು ಸಾವಿರ ಗಂಟೆ ಓಡಿತು, ಅಷ್ಟರಲ್ಲಿ ಅದರ ಶಕ್ತಿ ಎಷ್ಟು ಕುಂದಿತು ಎಂಬ ಅಳತೆಗೆ.

ಇದಕ್ಕೆ ಬರುವ ಮೊದಲ ಆಕ್ಷೇಪ ಎಲ್ಲರಿಗೂ ಗೊತ್ತಿರುವುದೇ. ಶ್ರೀಮಂತ ದೇಶಗಳು ಸಂಶೋಧನೆ ಮಾಡಲಿ, ಪಕ್ವವಾದ ಮೇಲೆ ನಾವು ಕೊಂಡರಾಯಿತು, ಸೌರ ಫಲಕದಲ್ಲಿ ಹಾಗೇ ಮಾಡಲಿಲ್ಲವೇ? ಮಾಡಿದೆವು; ಅದರ ಫಲವಾಗಿ ಸೌರ ಕೋಶಗಳಿಗಾಗಿ ಬಹುಕಾಲ ಚೀನಾದ ಕಡೆ ನೋಡುತ್ತ ಕೂತೆವು. ಸೆರಾಮಿಕ್ ಕೋಶದ ವಿಷಯದಲ್ಲಿ ಇನ್ನೊಂದು ತೊಡಕೂ ಇದೆ. ಇದರ ವಿದ್ಯೆ ಯಂತ್ರದ ಜೊತೆ ಪೆಟ್ಟಿಗೆಯಲ್ಲಿ ಬರುವಂಥದ್ದಲ್ಲ. ಬೇರಿಯಂ ಇರುವ ಪುಡಿ ಗಾಳಿಯಿಂದ ತೇವವನ್ನೂ ಇಂಗಾಲದ ಡೈಆಕ್ಸೈಡನ್ನೂ ಎಳೆದುಕೊಳ್ಳುತ್ತದೆ. ಒಣ ಹವೆಯ ಐಡಾಹೋದಲ್ಲಿ ಸರಿ ಬಂದ ಹದ, ಆಗಸ್ಟ್ ತಿಂಗಳ ದೊಡ್ಡಬಳ್ಳಾಪುರದಲ್ಲಿ ಸರಿ ಬರಬೇಕೆಂದಿಲ್ಲ. ಮಂಗಂಪೇಟೆಯ ಬೆರೈಟಿನಿಂದ ಮಾಡಿದ ಬೇರಿಯಂ ಕಾರ್ಬೊನೇಟಿನಲ್ಲಿ ಯಾವ ಕಲ್ಮಶ ಎಷ್ಟಿದೆ, ಅದು ಸುಡುವಾಗ ಮೇಲ್ಮೈಗೆ ಬಂದು ಕೂರುತ್ತದೋ ಇಲ್ಲವೋ ಎಂಬುದನ್ನು ಇಲ್ಲಿ ಸುಟ್ಟು, ಇಲ್ಲಿ ನೋಡಿಯೇ ತಿಳಿಯಬೇಕು. ಹಿತ್ತಲ ಗಿಡ ಮದ್ದಲ್ಲ ಎಂದು ಕಾದು ಕೂತರೆ, ಕೊಳ್ಳುವ ದಿನ ಬಂದಾಗ ಏನು ಕೊಳ್ಳುತ್ತಿದ್ದೇವೆ ಎಂಬುದನ್ನು ಅಳೆಯುವ ಶಕ್ತಿಯೂ ನಮ್ಮಲ್ಲಿರುವುದಿಲ್ಲ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು: ಈ ಕೋಶಗಳು ಇನ್ನೂ ಪ್ರಯೋಗಾಲಯದ ಕೂಸುಗಳು. ಒಪ್ಪುತ್ತೇನೆ. ಮೇಲೆ ಕೊಟ್ಟ ಅಂಕಿಗಳು ಬಂದದ್ದು ನಾಣ್ಯದ ಗಾತ್ರದ ಕೋಶಗಳಿಂದ. ಅಂಗೈ ಅಗಲಕ್ಕೆ ಹಿಗ್ಗಿಸಿದಾಗ ಪದರಗಳು ಡೊಂಕಾಗುತ್ತವೆ, ಬಿರುಕು ಬಿಡುತ್ತವೆ. ನೀರು ಒಡೆಯುವ ಕೆಲಸಕ್ಕೆ ಹಚ್ಚಿದಾಗ ಪ್ರೋಟಾನ್ ಜೊತೆ ವಿದ್ಯುತ್ತೂ ಒಂದಷ್ಟು ಎಲೆಕ್ಟ್ರೋಲೈಟಿನ ಮೂಲಕವೇ ಸೋರಿ ದಕ್ಷತೆ ಇಳಿಯುತ್ತದೆ. ಆಮ್ಲದ ತೊಳೆತ ಇದನ್ನೆಲ್ಲ ಬಗೆಹರಿಸಿಬಿಟ್ಟಿಲ್ಲ. ಆದರೆ ಸೆರಾಮಿಕ್ ಕೋಶ ಎಂಬುದೇ ಆಗದ ಮಾತು ಎನ್ನುವುದಕ್ಕೆ ಆಧಾರವಿಲ್ಲ. ಭಾರತ ಮೂಲದ ಕೆ.ಆರ್. ಶ್ರೀಧರ್ ಸ್ಥಾಪಿಸಿದ ಬ್ಲೂಮ್ ಎನರ್ಜಿ, ಆಕ್ಸಿಜನ್ ಹರಿಸುವ ಸೆರಾಮಿಕ್ ಕೋಶಗಳನ್ನು ವರ್ಷಗಳಿಂದ ಮಾರುತ್ತಿದೆ. ಅವು ಇನ್ನೂ ಹೆಚ್ಚಿನ ಕಾವಿನಲ್ಲಿ ಓಡುತ್ತವೆ; ಪ್ರೋಟಾನ್ ಸೆರಾಮಿಕ್ ಆ ಕಾವನ್ನು ಇಳಿಸುವ ಮುಂದಿನ ಮೆಟ್ಟಿಲು. ತಂತ್ರಜ್ಞಾನ ಇನ್ನೂ ಕಚ್ಚಾ ಇರುವಾಗ ಪರೀಕ್ಷಾ ಕೇಂದ್ರ ಬೇಡ ಎನ್ನುವುದಕ್ಕಿಂತ, ಕಚ್ಚಾ ಇರುವುದರಿಂದಲೇ ಬೇಕು ಎನ್ನುವುದು ಸರಿ. ಆಟ ಮುಗಿದ ಮೇಲೆ ಮೈದಾನಕ್ಕಿಳಿದವನಿಗೆ ಗೆಲ್ಲುವ ಅವಕಾಶ ಇರುವುದಿಲ್ಲ. ಬೆಂಗಳೂರಿನಲ್ಲಿ ಒಳ್ಳೆಯ ಉಪಕರಣಗಳು ಈಗಾಗಲೇ ಇವೆಯಲ್ಲ ಎನ್ನುವವರಿಗೂ ಇದೇ ಉತ್ತರ: ಅವು ತುಣುಕು ಮಾದರಿಗಳನ್ನು ನೋಡುವ ಜಾಗಗಳು. ಸುಟ್ಟದ್ದನ್ನು ನೂರು ಬಾರಿ ಕಾಯಿಸಿ ತಣಿಸಿ, ಪದರ ಎದ್ದಿತೇ ಎಂದು ನೋಡುವ ಕೆಲಸವೇ ಬೇರೆ.

ಮೂರನೆಯ ಆಕ್ಷೇಪ ಈ ಜಿಲ್ಲೆಯ ಅನುಭವದಿಂದ ಬರುತ್ತದೆ, ಅದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಆಮ್ಲ, ಬೇರಿಯಂ ಎಂದರೆ ದೊಡ್ಡತುಮಕೂರು, ಮಜರಾಹೊಸಹಳ್ಳಿಯ ಜನ ಹೌಹಾರಿದರೆ ಅದರಲ್ಲಿ ಅಚ್ಚರಿಯಿಲ್ಲ. ಕೈಗಾರಿಕೆಗಳ ತ್ಯಾಜ್ಯವೂ ಊರಿನ ಕೊಳಚೆಯೂ ಕೆರೆಗಳಿಗೆ ಇಳಿದು ಅಂತರ್ಜಲ ಕೆಟ್ಟಿದೆ ಎಂದು ಅರ್ಕಾವತಿ ದಂಡೆಯ ಈ ಹಳ್ಳಿಗಳು ವರ್ಷಗಳಿಂದ ಹೋರಾಡುತ್ತಿವೆ. ನೀರಿನಲ್ಲಿ ಕರಗುವ ಬೇರಿಯಂ ಲವಣಗಳು ವಿಷ. ಕುಡಿಯುವ ನೀರಿನ ಭಾರತೀಯ ಮಾನದಂಡ ಲೀಟರಿಗೆ 0.7 ಮಿಲಿಗ್ರಾಂಗಿಂತ ಹೆಚ್ಚು ಬೇರಿಯಂ ಒಪ್ಪುವುದಿಲ್ಲ. ಆದ್ದರಿಂದ ಇಂಥ ಕೇಂದ್ರ ಬರಬೇಕಾದರೆ ಹೊರಗೆ ಒಂದು ಹನಿಯೂ ಬಿಡಬಾರದೆಂಬ ಕಟ್ಟಳೆ ಮೊದಲು, ಕಟ್ಟಡ ಆಮೇಲೆ. ರಸಾಯನಶಾಸ್ತ್ರ ಇಲ್ಲಿ ನಮ್ಮ ಪರವಾಗಿದೆ ಎಂಬುದನ್ನೂ ಹೇಳಬೇಕು. ತೊಳೆಯುವುದು ಕೂದಲೆಳೆಗಿಂತ ತೆಳುವಾದ ಪದರದ ಮೇಲ್ಭಾಗವನ್ನು, ಬಟ್ಟೆಗೆ ಬಣ್ಣ ಹಾಕುವಂಥ ಭಾರೀ ಪ್ರಮಾಣದ ನೀರು ಬೇಕಿಲ್ಲ. ಕರಗಿದ ಬೇರಿಯಂಗೆ ಸಲ್ಫೇಟ್ ಸೇರಿಸಿದರೆ ಅದು ನೀರಿನಲ್ಲಿ ಕರಗದ ಬೇರಿಯಂ ಸಲ್ಫೇಟ್ ಆಗಿ ತಳಕ್ಕೆ ಕೂರುತ್ತದೆ, ಸೋಸಿ ತೆಗೆಯಬಹುದು. ಆದರೆ ಮಾಡಬಹುದಾದದ್ದನ್ನು ಮಾಡುತ್ತಾರೆ ಎಂಬ ನಂಬಿಕೆ ಈ ಹಳ್ಳಿಗಳಿಗೆ ಉಳಿದಿಲ್ಲ. ಸುತ್ತಲ ಕೊಳವೆಬಾವಿಗಳ ಬೇರಿಯಂ ಪರೀಕ್ಷೆ ಕೇಂದ್ರ ಶುರುವಾಗುವ ಮುನ್ನವೇ ಆಗಬೇಕು, ವರದಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಬೀಳಬೇಕು.

ಇನ್ನು ಉದ್ಯೋಗದ ಪ್ರಶ್ನೆ. ಸೆರಾಮಿಕ್ ಕೇಂದ್ರದಿಂದ ಎಷ್ಟು ಮಂದಿಗೆ ಕೆಲಸ? ಮೊದಲಲ್ಲಿ ಹೆಚ್ಚೇನಿಲ್ಲ. ಆದರೆ ಜಮೀನು ಕೊಟ್ಟಲ್ಲೆಲ್ಲ ಊರಿನವರಿಗೆ ಕೆಲಸ ಸಿಕ್ಕಿದೆಯೇ ಎಂಬ ಪ್ರಶ್ನೆಯನ್ನೂ ಜೊತೆಗೆ ಕೇಳಬೇಕಲ್ಲ. ಸರೋಜಿನಿ ಮಹಿಷಿ ವರದಿ 1986ರಲ್ಲಿ ಬಂದಾಗಿನಿಂದ ಸ್ಥಳೀಯರಿಗೆ ಉದ್ಯೋಗ ಎಂಬ ಬೇಡಿಕೆ ಹಾಗೇ ನಿಂತಿದೆ, ಏಕೆಂದರೆ ಮೀಸಲಾತಿಯ ಮಾತು ನಡೆದಷ್ಟು ಕೌಶಲದ ಮಾತು ನಡೆದಿಲ್ಲ. ಕಾವಲುಗಾರ, ಚಾಲಕ, ಕ್ಯಾಂಟೀನ್ ಕೆಲಸಗಳನ್ನು ಯಾರು ಬೇಕಾದರೂ ಯಾವಾಗ ಬೇಕಾದರೂ ಬದಲಿಸಬಹುದು. ಭಟ್ಟಿಯ ಹದ ಬಲ್ಲ, ಸುಟ್ಟ ಹಾಳೆಯ ಬಣ್ಣ ನೋಡಿ ಬೇರಿಯಂ ಹಾರಿದೆ ಎಂದು ಅನುಮಾನಿಸಬಲ್ಲ ತಂತ್ರಜ್ಞನನ್ನು ಹಾಗೆ ಬದಲಿಸಲಾಗುವುದಿಲ್ಲ. ಕಂಪನಿ ಊರು ಬಿಡಬೇಕೆಂದರೂ ಅವನ ಮುಖ ನೋಡಿ ಎರಡು ಸಲ ಯೋಚಿಸಬೇಕಾಗುತ್ತದೆ. ಆಂಧ್ರದವರು ಅಗ್ಗದ ಭೂಮಿ ಕೊಟ್ಟು ಕರೆಯಬಹುದು. ಹತ್ತು ವರ್ಷದಲ್ಲಿ ಬೆಳೆದ ಕೈಚಳಕವನ್ನು ರಾತ್ರೋರಾತ್ರಿ ಸೃಷ್ಟಿಸಿ ಕರೆಯಲಾರರು. ಬಂಡವಾಳ ಓಡಿಹೋಗುತ್ತದೆ ಎಂಬ ಭಯಕ್ಕೆ ಇದಕ್ಕಿಂತ ಗಟ್ಟಿ ಉತ್ತರ ನನಗೆ ಕಾಣುತ್ತಿಲ್ಲ.

ಇದು ಎಲ್ಲ ಬಗೆಯ ಕಾರ್ಖಾನೆಗೂ ಬದಲಿ ಎಂದು ಹೇಳುತ್ತಿಲ್ಲ. ಹೊಸಕೋಟೆಯಲ್ಲಿ ಬಸ್ಸು, ಟ್ರಕ್ಕು ತಯಾರಾಗಲು ಜಾಗ ಬೇಕು, ನೆಲಮಂಗಲದ ಗೋದಾಮುಗಳಿಗೆ ರಸ್ತೆ ಬೇಕು. ಆದರೆ ಭೂಮಿ ಮುಗಿಯುತ್ತಿರುವ, ನೀರು ಸೋತಿರುವ, ವರ್ಷವಿಡೀ ಹರಿಯುವ ನದಿಯೇ ಇಲ್ಲದ ಜಿಲ್ಲೆ, ತನ್ನಲ್ಲಿ ಉಳಿದಿರುವ ಎಕರೆಗಳನ್ನೇ ಬಂಡವಾಳವೆಂದು ತಿಳಿದು ಮಾರುತ್ತ ಹೋದರೆ ಆ ವ್ಯಾಪಾರ ಹೆಚ್ಚು ದಿನ ನಡೆಯುವುದಿಲ್ಲ. ಮುಂದಿನ ರಾಜ್ಯ ಬಜೆಟ್ಟಿನಲ್ಲಿ ಹಸಿರು ಹೈಡ್ರೋಜನ್ ಎಂಬ ಹೆಸರಿನ ಮುಂದೆ ಎಷ್ಟು ಕೋಟಿ ಬರೆದಿದೆ ಎಂದು ನೋಡುವ ಜೊತೆಗೆ, ಅದರಲ್ಲಿ ಭಟ್ಟಿಗೆಷ್ಟು, ಪರೀಕ್ಷಾ ಪೀಠಕ್ಕೆಷ್ಟು, ಐಟಿಐ ಮಕ್ಕಳ ತರಬೇತಿಗೆಷ್ಟು, ಹಳ್ಳಿಗಳ ನೀರಿನ ಪರೀಕ್ಷೆಗೆಷ್ಟು ಎಂದು ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಶಾಸಕರು ನಾಲ್ವರೂ ಸದನದಲ್ಲಿ ಎದ್ದು ಕೇಳಬೇಕು. ಉತ್ತರ ಸೊನ್ನೆಯಾದರೆ, ಹೈಡ್ರೋಜನ್ ಹೆಸರಿನಲ್ಲಿ ಮತ್ತೆ ನಡೆಯುತ್ತಿರುವುದು ಜಮೀನಿನ ವ್ಯವಹಾರವೇ ಎಂದು ತಿಳಿಯಬೇಕು. ಆಗ ಅದನ್ನು ವಿರೋಧಿಸುವ ಹಕ್ಕು ಚನ್ನರಾಯಪಟ್ಟಣದ ರೈತರಿಗೆ ಇದ್ದಷ್ಟೇ ಇಡೀ ಜಿಲ್ಲೆಗೂ ಇರುತ್ತದೆ.